ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ: ‘ಕರಾಟೆಕಾ’ ಎಂದು ಯಾರು ಯಾರನ್ನು ಕರೆಯಬೇಕು?

ಜಪಾನಿನ ಸಮರಕಲೆಗಳನ್ನು ಅಭ್ಯಾಸ ಮಾಡುವವರನ್ನು ಯಾವ ಹೆಸರಿನಿಂದ ಕರೆಯಬೇಕು ಎಂದು ಕೇಳಿ ಅಂಕಣಕ್ಕೆ ಹಲವು ಪತ್ರಗಳು ಬಂದಿವೆ. ಒಂದು ಪ್ರಶ್ನೆಯ ಉತ್ತರ ಇನ್ನೊಂದರೊಡನೆ ಹೆಣೆದುಕೊಂಡಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ಕರಾಟೆ ಅಭ್ಯಾಸಿಗಳನ್ನು ‘ಕರಾಟೆಕಾ’ ಎಂದೂ ಜೂಡೋ ಅಭ್ಯಾಸಿಗಳನ್ನು ‘ಜೂಡೋಕಾ’ ಎಂದೂ ಬರೆಯುವುದನ್ನು ಓದಿದ್ದೇನೆ. ಈ ‘ಕಾ’ ನಮ್ಮ ಗಾಯಕ, ಲೇಖಕ ಪದಗಳ ಕೊನೆಯ ‘ಕ’ವೇ? ಬೌದ್ಧಧರ್ಮದ ಜೊತೆಗೆ ಸಂಸ್ಕೃತ ಪದಗಳೂ ಜಪಾನಿಗೆ ಹೋಗಿದ್ದವಲ್ಲವೇ?

ಉತ್ತರ: ಅದು ಬೇರೆ, ಇದು ಬೇರೆ. ಕಿವಿಗೆ ಒಂದೇ ಬಗೆಯಾಗಿ ಕೇಳಿಸಿದರೂ ಎರಡಕ್ಕೂ ಹುಟ್ಟಿನ ನಂಟಿಲ್ಲ. ಗಾಯಕ, ಲೇಖಕ ಎಂಬಲ್ಲಿ ಬರುವುದು ಸಂಸ್ಕೃತದ ಪ್ರತ್ಯಯ. ಕರಾಟೆಕಾ ಎಂಬಲ್ಲಿ ಬರುವುದು ಚೀನಾದಿಂದ ಜಪಾನಿಗೆ ಬಂದ ಒಂದು ಚಿತ್ರಾಕ್ಷರದ ಉಚ್ಚಾರ. ಆ ಅಕ್ಷರವನ್ನು ಬರೆಯುವವರು ಮೊದಲು ಮೇಲುಗಡೆ ಮನೆಯ ಮಾಡಿನಂಥ ಹೊದಿಕೆಯನ್ನು ಎಳೆಯುತ್ತಾರೆ, ಆಮೇಲೆ ಅದರಡಿ ಹಂದಿಯನ್ನು ಸೂಚಿಸುವ ಗೆರೆಗಳನ್ನು ತುಂಬುತ್ತಾರೆ. ಮಾಡಿನಡಿಯಲ್ಲಿ ಸಾಕುಪ್ರಾಣಿ ಇದ್ದರೆ ಅದು ಮನೆ. ಮನೆಯಿಂದ ಮನೆತನ, ಮನೆತನದಿಂದ ಪರಂಪರೆ ಎಂದು ಅದರ ಅರ್ಥ ಬೆಳೆದಿದೆ. ಪ್ರಾಚೀನ ಚೀನಾದಲ್ಲಿ ಒಂದೊಂದು ಚಿಂತನಪಂಥವನ್ನೂ ಒಂದೊಂದು ‘ಮನೆ’ಯೆಂದೇ ಹೆಸರಿಸುತ್ತಿದ್ದರು. ಒಂದು ವಿದ್ಯೆಯನ್ನೇ ತನ್ನ ಮನೆಯನ್ನಾಗಿ ಮಾಡಿಕೊಂಡವನು ಎಂಬ ಭಾವ ಈ ದಾರಿಯಲ್ಲಿ ಬಂದು, ಆ ಅಕ್ಷರ ವ್ಯಕ್ತಿಯನ್ನು ಸೂಚಿಸುವ ಪ್ರತ್ಯಯವಾಯಿತು.

ಜಪಾನಿ ಭಾಷೆಯಲ್ಲಿ ಈ ‘ಕಾ’ ಸಮರಕಲೆಗೆ ಮಾತ್ರ ಮೀಸಲಾದದ್ದಲ್ಲ. ಸಾಹಿತಿ ‘ಸಾಕ್ಕಾ’, ಚಿತ್ರಕಾರ ‘ಗಾಕಾ’, ಸಂಗೀತಗಾರ ‘ಓಂಗಾಕುಕಾ’, ರಾಜಕಾರಣಿ ‘ಸೇಜಿಕಾ’. ಈ ಪಟ್ಟಿಯನ್ನು ಒಮ್ಮೆ ನೋಡಿದರೆ ಪ್ರತ್ಯಯದ ತೂಕ ತಿಳಿಯುತ್ತದೆ. ಭಾನುವಾರ ಬಿಡುವಾದಾಗ ಬಣ್ಣ ಬಳಿಯುವವರನ್ನು ಯಾರೂ ಗಾಕಾ ಎನ್ನುವುದಿಲ್ಲ. ಅದರಿಂದಲೇ ಬದುಕುವವರು ಅಥವಾ ಅದಕ್ಕೇ ಬದುಕನ್ನು ಕೊಟ್ಟವರು ಗಾಕಾ ಆಗುತ್ತಾರೆ.

ಸಂಸ್ಕೃತದ ಬಗೆಗಿನ ನಿಮ್ಮ ಊಹೆಯಲ್ಲಿ ಮಾತ್ರ ಹುರುಳಿದೆ, ಆದರೆ ನಂಟು ಇರುವುದು ಬೇರೆ ಪದದಲ್ಲಿ. ‘ಧ್ಯಾನ’ ಚೀನಾದಲ್ಲಿ ‘ಚಾನ್’ ಆಗಿ ಜಪಾನಿನಲ್ಲಿ ‘ಝೆನ್’ ಆದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅದಕ್ಕಿಂತ ಕುತೂಹಲದ್ದು ‘ಡೋಜೋ’ ಎಂಬ ಪದ. ಇಂದು ಸಮರಕಲೆಯ ಅಭ್ಯಾಸ ನಡೆಯುವ ಜಾಗಕ್ಕೆ ಇರುವ ಈ ಹೆಸರು ಮೂಲದಲ್ಲಿ ‘ಬೋಧಿಮಂಡ’ ಎಂಬ ಸಂಸ್ಕೃತ ಪದಕ್ಕೆ ಚೀನೀ ಅನುವಾದಕರು ಕೊಟ್ಟ ರೂಪ. ಬುದ್ಧನು ಜ್ಞಾನೋದಯ ಪಡೆದ ಸ್ಥಳದ ಹೆಸರು ಮುಂದೆ ಸಾಧನೆ ನಡೆಯುವ ತಾಣಗಳಿಗೂ, ಕೊನೆಗೆ ಕತ್ತಿ ಹಿಡಿಯುವವರ ಮತ್ತು ಕುಸ್ತಿ ಹಿಡಿಯುವವರ ಜಾಗಕ್ಕೂ ಬಂದಿತು. ಕಲಿಯುವವರು ಒಳಗೆ ಕಾಲಿಡುವಾಗ ತಲೆಬಾಗುವುದು ಏಕೆಂದು ಕೇಳುವವರಿಗೆ ಈ ಪದಚರಿತ್ರೆಯೇ ಒಂದು ಉತ್ತರ.

ಪ್ರಶ್ನೆ: ನಾನು ಆರು ತಿಂಗಳಿನಿಂದ ಕರಾಟೆ ಕಲಿಯುತ್ತಿದ್ದೇನೆ. ನನ್ನನ್ನು ಪರಿಚಯಿಸಿಕೊಳ್ಳುವಾಗ ‘ನಾನೊಬ್ಬ ಕರಾಟೆಕಾ’ ಎನ್ನಬಹುದೇ?

ಉತ್ತರ: ಕನ್ನಡದಲ್ಲಿ ಹೇಳುವುದಾದರೆ ತಪ್ಪೇನಿಲ್ಲ. ಜಪಾನಿನಿಂದ ಹೊರಗೆ ಈ ಪದ ಕರಾಟೆ ಅಭ್ಯಾಸಿ ಎಂಬ ಸರಳ ಅರ್ಥದಲ್ಲಿ ನೆಲೆಗೊಂಡಿದೆ. ಪರಭಾಷೆಗೆ ಬಂದ ಪದ ಅಲ್ಲಿನ ಬಳಕೆಯಂತೆ ನಡೆಯುವುದು ಸಹಜ. ಆದರೆ ಜಪಾನೀಯರ ಎದುರು ಹಾಗೆ ಹೇಳಿಕೊಳ್ಳುವ ಮೊದಲು ಸ್ವಲ್ಪ ಯೋಚಿಸಿರಿ. ಜಪಾನಿ ಮಾತಿನಲ್ಲಿ ಕರಾಟೆ ಕಲಿಯುವವರು ತಮ್ಮ ಬಗ್ಗೆ ಸಾಮಾನ್ಯವಾಗಿ ನಾಮಪದದಿಂದ ಹೇಳಿಕೊಳ್ಳುವುದಿಲ್ಲ, ಕ್ರಿಯಾಪದದಿಂದ ಹೇಳಿಕೊಳ್ಳುತ್ತಾರೆ: ‘ಕರಾತೆ ಓ ಯಾತ್ತೆ ಇಮಾಸು’, ಅಂದರೆ ‘ಕರಾಟೆ ಮಾಡುತ್ತಿದ್ದೇನೆ’. ಹತ್ತಾರು ವರ್ಷ ಅಭ್ಯಾಸ ಮಾಡಿದವರ ಬಾಯಲ್ಲೂ ಈ ವಾಕ್ಯವೇ ಬರುತ್ತದೆ. ‘ಕಾ’ ಎಂಬುದು ಇತರರು ನೋಡಿ, ಮೆಚ್ಚಿ ಕೊಡುವ ಹೆಸರು. ಅದನ್ನು ತಾನೇ ಎತ್ತಿ ತಲೆಯ ಮೇಲಿಟ್ಟುಕೊಂಡರೆ ಕೇಳುವವರಿಗೆ ಇರಿಸುಮುರಿಸಾಗುತ್ತದೆ. ನಮ್ಮಲ್ಲಿಯೂ ‘ಸಂಗೀತ ಕಲಿಯುತ್ತಿದ್ದೇನೆ’ ಎನ್ನುವುದಕ್ಕೂ ‘ನಾನು ವಿದ್ವಾಂಸ’ ಎನ್ನುವುದಕ್ಕೂ ಇರುವ ಅಂತರವನ್ನು ನೆನೆದರೆ ವಿಷಯ ಮನದಟ್ಟಾಗುತ್ತದೆ. ಈ ಅಂಕಣದ ಉಳಿದ ಉತ್ತರಗಳಲ್ಲಿಯೂ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ: ಈ ಪದಗಳಲ್ಲಿ ಹೆಚ್ಚಿನವು ಒಬ್ಬ ವ್ಯಕ್ತಿ ಏನು ಎಂಬುದನ್ನು ಹೇಳುವುದಕ್ಕಿಂತ, ಆತ ಯಾರ ಮುಂದೆ ನಿಂತಿದ್ದಾನೆ ಎಂಬುದನ್ನು ಹೇಳುತ್ತವೆ.

ಹಾಗಾದರೆ ಆರು ತಿಂಗಳ ಅಭ್ಯಾಸಿಗೆ ಹೆಸರೇ ಇಲ್ಲವೇ? ಇದೆ. ಹೊಸಬರನ್ನು ‘ಶೋಶಿನ್‌ಶಾ’ ಎನ್ನುತ್ತಾರೆ. ‘ಶೋ’ ಎಂದರೆ ಆರಂಭ, ‘ಶಿನ್’ ಎಂದರೆ ಮನಸ್ಸು, ‘ಶಾ’ ಎಂದರೆ ವ್ಯಕ್ತಿ. ಒಬ್ಬ ಗುರುವಿನ ಬಳಿ ಕಲಿಯುವವರು ಆ ಗುರುವಿಗೆ ‘ದೇಶಿ’, ಅಂದರೆ ಶಿಷ್ಯರು. ಗುರುವಿನ ಮನೆಯಲ್ಲಿಯೇ ಇದ್ದು, ಗುಡಿಸಿ ಸಾರಿಸಿ, ಸೇವೆ ಮಾಡುತ್ತ ಕಲಿಯುವ ಅಂತೇವಾಸಿಯನ್ನು ‘ಉಚಿದೇಶಿ’ ಎನ್ನುತ್ತಾರೆ. ‘ಉಚಿ’ ಎಂದರೆ ಒಳಗೆ. ಹೊರಗಿನಿಂದ ಬಂದು ಪಾಠ ಮುಗಿಸಿ ಹೋಗುವವನು ‘ಸೊತೊದೇಶಿ’. ಐಕಿಡೋ ಕಲೆಯನ್ನು ರೂಪಿಸಿದ ಉಯೇಶಿಬಾ ಮೊರಿಹೇ ಅವರ ಬಳಿ ಹೀಗೆ ಉಚಿದೇಶಿಗಳಾಗಿ ಬೆಳೆದವರು ಮುಂದೆ ಆ ಕಲೆಯನ್ನು ಹಲವು ದೇಶಗಳಿಗೆ ಒಯ್ದರು. ಶಿಷ್ಯನಾಗಿ ಸೇರುವುದಕ್ಕೆ ‘ನ್ಯೂಮೊನ್’ ಎಂಬ ಪದವಿದೆ, ಬಾಗಿಲನ್ನು ಹೊಕ್ಕುವುದು ಎಂದು ಅದರ ಅರ್ಥ. ಶಿಷ್ಯನನ್ನು ಹೊರಹಾಕಿದರೆ ಅದು ‘ಹಮೊನ್’, ಬಾಗಿಲನ್ನು ಮುರಿಯುವುದು. ಇವುಗಳ ಪಕ್ಕದಲ್ಲಿ ಕ್ರೀಡಾಲೋಕದ ‘ಸೆನ್‌ಶು’ ಎಂಬ ಪದವೂ ಇದೆ. ಆಯ್ಕೆಯಾದವರು ಎಂಬರ್ಥದ ಈ ಪದವನ್ನು ಸ್ಪರ್ಧೆಗಿಳಿಯುವ ಆಟಗಾರರಿಗೆ ಬಳಸುತ್ತಾರೆ. ಜಪಾನಿನ ಪತ್ರಿಕೆಗಳು ಒಲಿಂಪಿಕ್ಸ್ ವರದಿಯಲ್ಲಿ ಜೂಡೋ ಸ್ಪರ್ಧಿಯ ಹೆಸರಿನ ನಂತರ ‘ಸೆನ್‌ಶು’ ಎಂದು ಸೇರಿಸುತ್ತವೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜೂಡೋ ಮೊದಲ ಬಾರಿಗೆ ಸೇರಿದ ಮೇಲೆ ಈ ಬಳಕೆ ಇನ್ನಷ್ಟು ಹಬ್ಬಿದ್ದು ಸಹಜವೇ.

ಯಾವ ಒಂದು ಕಲೆಗೂ ಕಟ್ಟುಬೀಳದೆ ಸಮರಕಲೆಯ ಸಾಧಕರು ಎಂದು ಒಟ್ಟಾಗಿ ಹೇಳಬೇಕಾದಲ್ಲಿ ‘ಬುಡೋಕಾ’ ಎನ್ನಬಹುದು. ಇದರಲ್ಲಿರುವ ‘ಬು’ ಎಂಬ ಅಕ್ಷರದಲ್ಲಿ ಈಟಿಯಂಥ ಆಯುಧವೂ ‘ನಿಲ್ಲು’ ಎಂಬರ್ಥದ ಚಿಹ್ನೆಯೂ ಸೇರಿಕೊಂಡಿವೆ. ಈಟಿಯನ್ನು ತಡೆಯುವುದೇ ‘ಬು’ ಎಂಬ ವಿವರಣೆ ಬಹಳ ಪ್ರಸಿದ್ಧ, ಕೇಳುವುದಕ್ಕೂ ಸೊಗಸು. ಆದರೆ ಆ ಚಿಹ್ನೆ ಆದಿಯಲ್ಲಿ ಪಾದದ ಚಿತ್ರವಾಗಿತ್ತು. ಆಯುಧ ಹಿಡಿದು ಹೆಜ್ಜೆ ಹಾಕುವುದು ಎಂಬುದೇ ಮೂಲದ ಅರ್ಥವೆಂದು ಲಿಪಿತಜ್ಞರು ಹೇಳುತ್ತಾರೆ. ಸೊಗಸಾದ ವಿವರಣೆಯನ್ನು ನೀತಿಯಾಗಿ ಇಟ್ಟುಕೊಳ್ಳೋಣ, ಇತಿಹಾಸವಾಗಿ ಬೇಡ.

ಪ್ರಶ್ನೆ: ಈ ಪದಗಳ ಸರಿಯಾದ ಉಚ್ಚಾರವೇನು? ‘ಸೆನ್ಸಾಯ್’ ಸರಿಯೋ ‘ಸೆನ್ಸೇ’ ಸರಿಯೋ?

ಉತ್ತರ: ‘ಸೆನ್ಸೇ’ ಸರಿ. ‘ಸೆನ್ಸಾಯ್’ ಇಂಗ್ಲಿಷ್ ಕಾಗುಣಿತವನ್ನು ನೋಡಿ ಓದಿದ್ದರಿಂದ ಬಂದದ್ದು. ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ, ಜಪಾನಿಯಂತೆ ಕನ್ನಡದಲ್ಲಿಯೂ ಹ್ರಸ್ವ ದೀರ್ಘಗಳಿಗೆ ಅರ್ಥಭೇದವಿದೆ. ಜಪಾನಿಯಲ್ಲಿ ‘ಕರತೆಕ’ ಎಂಬುದರ ನಾಲ್ಕು ಅಕ್ಷರಗಳೂ ಹ್ರಸ್ವ, ನಾಲ್ಕಕ್ಕೂ ಸಮನಾದ ತಾಳ. ‘ಜೂದೋಕ’ ಎಂಬಲ್ಲಿ ಮೊದಲ ಎರಡು ಅಕ್ಷರಗಳು ದೀರ್ಘ, ಕೊನೆಯದು ಹ್ರಸ್ವ. ‘ಡೋ’ ಎಂದು ನಾಲಿಗೆ ಮಡಿಸಿ ನಾವು ಹೇಳುವ ಧ್ವನಿ ಅವರಲ್ಲಿ ‘ದೋ’ ಎಂಬುದಕ್ಕೆ ಹತ್ತಿರ. ಆದರೂ ಕರಾಟೆ, ಜೂಡೋ, ಕೆಂಡೋ ಎಂಬ ರೂಪಗಳು ಕನ್ನಡ ಬರಹದಲ್ಲಿ ಬೇರೂರಿಬಿಟ್ಟಿವೆ. ಅವನ್ನು ಈಗ ಕಿತ್ತು ತಿದ್ದುವುದು ಬೇಡವೆಂದೇ ನನ್ನ ಅಭಿಪ್ರಾಯ, ಅಂಕಣದಲ್ಲಿಯೂ ಅವನ್ನೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಹೆಣ್ಣುಮಕ್ಕಳು ಕರಾಟೆ ಕಲಿತರೆ ಗಾಯಕಿ, ಲೇಖಕಿ ಎನ್ನುವಂತೆ ‘ಕರಾಟೆಕಿ’ ಎನ್ನಬೇಕೇ? ಕೆಲವರು ‘ಕರಾಟೆಕಾ’ ಎಂಬುದೇ ಸ್ತ್ರೀಲಿಂಗವೆಂದೂ ಪುರುಷರಿಗೆ ‘ಕರಾಟೆಕ’ ಎನ್ನಬೇಕೆಂದೂ ವಾದಿಸುತ್ತಾರೆ.

ಉತ್ತರ: ಎರಡೂ ಬೇಡ. ಜಪಾನಿ ಭಾಷೆಯಲ್ಲಿ ನಾಮಪದಗಳಿಗೆ ಲಿಂಗಭೇದವಿಲ್ಲ. ‘ಕಾ’ ಪುರುಷರಿಗೂ ಮಹಿಳೆಯರಿಗೂ ಒಂದೇ. ಬೇರ್ಪಡಿಸಿ ಹೇಳಲೇಬೇಕಾದ ಕಡೆ, ಉದಾಹರಣೆಗೆ ಸ್ಪರ್ಧೆಯ ವಿಭಾಗಗಳಲ್ಲಿ, ‘ಜೋಶಿ’ ಎಂಬ ಪದವನ್ನು ಮುಂದೆ ಇಡುತ್ತಾರೆ: ‘ಜೋಶಿ ಜೂಡೋ’ ಎಂದರೆ ಮಹಿಳೆಯರ ಜೂಡೋ. ಕನ್ನಡದಲ್ಲಿ ‘ಕರಾಟೆಪಟು’ ಎಂಬ ಪದ ಇಬ್ಬರಿಗೂ ಸಮನಾಗಿ ಸಲ್ಲುತ್ತಿರುವಾಗ ಹೊಸ ಸ್ತ್ರೀರೂಪವನ್ನು ಕಟ್ಟುವ ಅಗತ್ಯವೂ ಇಲ್ಲ.

ಪದದಲ್ಲಿ ಭೇದವಿಲ್ಲದ ಮಾತ್ರಕ್ಕೆ ಪದ್ಧತಿಯಲ್ಲಿ ಭೇದವಿರಲಿಲ್ಲ ಎಂದುಕೊಳ್ಳಬಾರದು. ಜೂಡೋ ಕಲೆಯ ಕೇಂದ್ರಸಂಸ್ಥೆಯಾದ ಟೋಕಿಯೊದ ಕೋಡೋಕಾನ್‌ನಲ್ಲಿ ಮಹಿಳಾ ವಿಭಾಗ 1926ರಲ್ಲಿ ಆರಂಭವಾಯಿತು. ಆದರೆ ಮಹಿಳೆಯರು ಸೊಂಟಕ್ಕೆ ಕಟ್ಟುವ ಕಪ್ಪು ಪಟ್ಟಿಯ (ಬ್ಲ್ಯಾಕ್ ಬೆಲ್ಟ್) ಉದ್ದಕ್ಕೂ ನಡುವೆ ಒಂದು ಬಿಳಿ ಗೆರೆ ಬಹುಕಾಲ ಉಳಿಯಿತು, ಅದನ್ನು ಕಟ್ಟಿಕೊಂಡವರು ಯಾರೆಂಬುದು ದೂರದಿಂದಲೇ ತಿಳಿಯುತ್ತಿತ್ತು. ಕೋಡೋಕಾನ್ ಸ್ಥಾಪಕರಾದ ಕಾನೋ ಜಿಗೋರೋ ಅವರಿಗೆ ಜೂಡೋದ ಮೂಲವಾದ ಜುಜುತ್ಸು ಕಲೆಯನ್ನು ಕಲಿಸಿದ ಗುರುಗಳಲ್ಲೊಬ್ಬರ ಮೊಮ್ಮಗಳು ಫುಕುದಾ ಕೇಕೋ 1913ರಲ್ಲಿ ಹುಟ್ಟಿದವರು. ಐದನೆಯ ದಾನ್, ಅಂದರೆ ಕಪ್ಪು ಪಟ್ಟಿಯ ಐದನೆಯ ದರ್ಜೆ ಪಡೆದ ಬಳಿಕ ಆರನೆಯದಕ್ಕೆ ಅವರು 1972ರವರೆಗೂ ಕಾಯಬೇಕಾಯಿತು. ಕೋಡೋಕಾನ್ ಅವರಿಗೆ ಒಂಬತ್ತನೆಯ ದಾನ್ ಕೊಟ್ಟದ್ದು 2006ರಲ್ಲಿ, ಆಗ ಅವರಿಗೆ ತೊಂಬತ್ತು ದಾಟಿತ್ತು. ಅಮೆರಿಕದ ಜೂಡೋ ಸಂಸ್ಥೆ 2011ರಲ್ಲಿ ಹತ್ತನೆಯ ದಾನ್ ನೀಡಿತು, ಎರಡು ವರ್ಷಗಳ ನಂತರ ಅವರು ತೀರಿಕೊಂಡರು. ಜೂಡೋಕಾ ಎಂಬ ಪದದ ನಿಜವಾದ ಅರ್ಥಕ್ಕೆ ಒಂದು ಬದುಕನ್ನು ತೋರಿಸಬೇಕೆಂದರೆ ನಾನು ಅವರ ಬದುಕನ್ನೇ ತೋರಿಸುತ್ತೇನೆ.

ಪ್ರಶ್ನೆ: ಕೆಂಡೋ ಅಭ್ಯಾಸಿಗಳನ್ನು ‘ಕೆಂಡೋಕಾ’ ಎನ್ನಬೇಕೋ ‘ಕೆನ್ಶಿ’ ಎನ್ನಬೇಕೋ?

ಉತ್ತರ: ಎರಡೂ ಬಳಕೆಯಲ್ಲಿವೆ, ಆದರೆ ಜಪಾನಿನಲ್ಲಿ ‘ಕೆನ್ಶಿ’ ಹೆಚ್ಚು ಸಹಜವಾಗಿ ಕೇಳಿಬರುತ್ತದೆ. ‘ಕೆನ್’ ಎಂದರೆ ಕತ್ತಿ, ‘ಶಿ’ ಎಂದರೆ ಯೋಧ, ಸತ್ಪುರುಷ. ವಕೀಲರನ್ನು ‘ಬೆಂಗೋಶಿ’ ಎನ್ನುವಲ್ಲಿಯೂ ಹಳೆಯ ಯೋಧರನ್ನು ‘ಬುಶಿ’ ಎನ್ನುವಲ್ಲಿಯೂ ಇರುವುದು ಇದೇ ‘ಶಿ’. ಶೋರಿಂಜಿ ಕೆಂಪೋ ಎಂಬ ಇನ್ನೊಂದು ಕಲೆಯ ಅಭ್ಯಾಸಿಗಳಿಗೂ ‘ಕೆನ್ಶಿ’ ಎಂಬ ಹೆಸರೇ ಇದೆ. ಅಲ್ಲಿ ಬರೆಯುವ ‘ಕೆನ್’ ಅಕ್ಷರ ಬೇರೆ, ಅದರ ಅರ್ಥ ಮುಷ್ಟಿ. ಕಿವಿಗೆ ಒಂದಾಗಿ ಕಣ್ಣಿಗೆ ಎರಡಾಗುವ ಇಂಥ ಪದಗಳು ಜಪಾನಿಯಲ್ಲಿ ಬಹಳ. ಬರಹದಲ್ಲಿ ಯಾವ ಕಲೆಯ ಕೆನ್ಶಿ ಎಂಬುದನ್ನು ಒಮ್ಮೆ ಸ್ಪಷ್ಟಪಡಿಸಿದರೆ ಗೊಂದಲ ತಪ್ಪುತ್ತದೆ.

ಪ್ರಶ್ನೆ: ನಾನು ಕಲಿಯುವ ಸಂಸ್ಥೆಯೊಂದರಲ್ಲಿ ಶಿಕ್ಷಕರು ತಮ್ಮ ಹೆಸರಿನ ಹಿಂದೆ ತಾವೇ ‘ಸೆನ್ಸೇ’ ಎಂದು ಮುದ್ರಿಸಿಕೊಂಡಿದ್ದಾರೆ. ಮೊನ್ನೆ ಕಪ್ಪು ಪಟ್ಟಿ ಪಡೆದ ಗೆಳೆಯನೂ ಹಾಗೆಯೇ ಮಾಡಬೇಕೆಂದಿದ್ದಾನೆ. ಕಪ್ಪು ಪಟ್ಟಿ ಬಂದೊಡನೆ ಸೆನ್ಸೇ ಆಗುತ್ತಾರೆಯೇ? ಶಿಹಾನ್, ರೆನ್ಶಿ ಎಂಬ ಬಿರುದುಗಳೆಂದರೇನು?

ಉತ್ತರ: ಈ ಪ್ರಶ್ನೆಗೆ ತುಸು ವಿವರವಾಗಿಯೇ ಉತ್ತರಿಸಬೇಕು.

‘ಸೆನ್ಸೇ’ ಎಂಬ ಪದದಲ್ಲಿರುವ ಎರಡು ಅಕ್ಷರಗಳ ಅರ್ಥ ‘ಮೊದಲು ಹುಟ್ಟಿದವರು’. ಇದು ಪದವಿಯ ಹೆಸರಲ್ಲ, ಗೌರವದ ಸಂಬೋಧನೆ. ಶಾಲೆಯ ಶಿಕ್ಷಕರು, ವೈದ್ಯರು, ವಕೀಲರು, ಸಾಹಿತಿಗಳು, ಜನಪ್ರತಿನಿಧಿಗಳು ಎಲ್ಲರನ್ನೂ ಜಪಾನಿನಲ್ಲಿ ಹೀಗೆಯೇ ಕರೆಯುತ್ತಾರೆ. ಇದನ್ನು ಇನ್ನೊಬ್ಬರ ಹೆಸರಿನ ಜೊತೆ ಸೇರಿಸಬೇಕು, ಅದೂ ಹೆಸರಿನ ಹಿಂದೆ ಅಲ್ಲ, ನಂತರ: ‘ಕಾನೋ ಸೆನ್ಸೇ’ ಎಂಬಂತೆ. ತನ್ನ ಹೆಸರಿಗೆ ತಾನೇ ಹಾಕಿಕೊಳ್ಳುವುದೆಂದರೆ, ಸಹಿ ಮಾಡುವಾಗ ‘ಪೂಜ್ಯ’ ಎಂದು ತಾನೇ ಬರೆದುಕೊಂಡಂತೆ. ಜಪಾನಿನ ಶಿಕ್ಷಕರು ತಮ್ಮ ವೃತ್ತಿಯನ್ನು ಹೇಳಿಕೊಳ್ಳಬೇಕಾದರೆ ‘ಕ್ಯೋಶಿ’ ಎಂಬ ಬೇರೆ ಪದವನ್ನೇ ಬಳಸುತ್ತಾರೆ. ನಿಮ್ಮ ಶಿಕ್ಷಕರ ಉದ್ದೇಶ ಕೆಟ್ಟದ್ದಾಗಿರಲಾರದು, ಬಳಕೆಯ ನಯ ತಿಳಿಯದೆ ಆಗಿರುವ ತಪ್ಪಷ್ಟೇ. ನಿಮ್ಮ ಗೆಳೆಯರಿಗಂತೂ ಮುದ್ರಣಕ್ಕೆ ಕೊಡುವ ಮೊದಲೇ ಹೇಳಿಬಿಡಿ.

ಇನ್ನು ಕಪ್ಪು ಪಟ್ಟಿಯ ವಿಷಯ. ಮೊದಲನೆಯ ದಾನ್ ದರ್ಜೆಯನ್ನು ‘ಶೋದಾನ್’ ಎನ್ನುತ್ತಾರೆ. ಹೊಸಬರಿಗಿರುವ ‘ಶೋಶಿನ್‌ಶಾ’ ಎಂಬ ಹೆಸರಿನ ಮೊದಲ ಅಕ್ಷರವೂ ಶೋದಾನ್‌ನ ಮೊದಲ ಅಕ್ಷರವೂ ಒಂದೇ, ಆರಂಭ ಎಂದು ಅರ್ಥ. ಜನಸಾಮಾನ್ಯರು ಗುರಿಮುಟ್ಟಿದ ಗುರುತೆಂದು ತಿಳಿಯುವ ಪಟ್ಟಿ ಆ ಭಾಷೆಯಲ್ಲಿ ಹೊರಟ ಗುರುತು. ಈ ದಾನ್ ಪದ್ಧತಿಯನ್ನು ಸಮರಕಲೆಗೆ ತಂದವರು ಕಾನೋ ಜಿಗೋರೋ. ಅವರು 1882ರಲ್ಲಿ ಟೋಕಿಯೊದ ಎಯ್ಶೋಜಿ ಎಂಬ ಬೌದ್ಧ ದೇಗುಲದಲ್ಲಿ ಹನ್ನೆರಡು ಚಾಪೆಗಳ ಚಿಕ್ಕ ಕೋಣೆಯೊಂದರಲ್ಲಿ ಕೋಡೋಕಾನ್ ತೆರೆದರು, ಮರುವರ್ಷ ಸೈಗೋ ಶಿರೋ ಮತ್ತು ತೋಮಿತಾ ತ್ಸುನೆಜಿರೋ ಎಂಬ ಇಬ್ಬರು ಶಿಷ್ಯರಿಗೆ ಶೋದಾನ್ ಕೊಟ್ಟರು. ದಾನ್ ಇರುವವರನ್ನು ‘ಯೂದಾನ್‌ಶಾ’, ಇನ್ನೂ ಪಡೆಯದವರನ್ನು ‘ಮುದಾನ್‌ಶಾ’ ಎನ್ನುವ ಪದಗಳು ಇದರ ಬೆನ್ನಿಗೆ ಬಂದವು. ಹಳೆಯ ರೀತಿಯ ಡೋಜೋಗಳ ಗೋಡೆಯಲ್ಲಿ ಈ ಕ್ರಮವನ್ನು ಕಣ್ಣಾರೆ ಕಾಣಬಹುದು. ಬೆರಳಗಲದ ಮರದ ಪಟ್ಟಿಗಳ ಮೇಲೆ ಕುಂಚದಿಂದ ಒಬ್ಬೊಬ್ಬರ ಹೆಸರನ್ನು ಬರೆದು ಸಾಲಾಗಿ ತೂಗುಹಾಕಿರುತ್ತಾರೆ. ಬಲತುದಿಯಲ್ಲಿ ಗುರುವಿನ ಹೆಸರು, ಅಲ್ಲಿಂದ ಎಡಕ್ಕೆ ದರ್ಜೆಯ ಕ್ರಮದಲ್ಲಿ ಹಿರಿಯರು, ಕೊನೆಯಲ್ಲಿ ನಿನ್ನೆ ಸೇರಿದವರು. ದರ್ಜೆ ಏರಿದಾಗ ಪಟ್ಟಿಯನ್ನು ಕೊಕ್ಕೆಯಿಂದ ಬಿಡಿಸಿ ಬಲಕ್ಕೆ ಸರಿಸುತ್ತಾರೆ. ಅದನ್ನು ಸರಿಸುವ ಕೈ ಹೆಸರಿನ ಒಡೆಯನದಲ್ಲ.

ಮೊದಲು ಸೇರಿದವರು ನಂತರ ಸೇರಿದವರಿಗೆ ‘ಸೆಂಪೈ’, ನಂತರದವರು ಮೊದಲಿನವರಿಗೆ ‘ಕೋಹೈ’. ಇಲ್ಲಿ ಪಟ್ಟಿಯ ಬಣ್ಣಕ್ಕಿಂತ ಬಾಗಿಲು ಹೊಕ್ಕ ದಿನವೇ ಮುಖ್ಯ. ಕೆಲವು ಸಂಸ್ಥೆಗಳು ಸೆಂಪೈ ಎಂಬುದನ್ನು ಇಂತಿಷ್ಟನೆಯ ದರ್ಜೆಯ ಬಿರುದಾಗಿ ಹಂಚುವುದುಂಟು, ಆದರೆ ಪದದ ಸ್ವಭಾವಕ್ಕೆ ಅದು ಒಗ್ಗುವುದಿಲ್ಲ. ಜಗತ್ತಿನಲ್ಲಿ ಯಾರೂ ಬರಿದೇ ಅಣ್ಣನಾಗಿರಲಾರರು, ತಮ್ಮನೊಬ್ಬನಿರಬೇಕು. ಸೆಂಪೈ ಕೂಡ ಹಾಗೆಯೇ.

‘ಶಿಹಾನ್’ ಎಂದರೆ ಮಾದರಿಯಾಗಬಲ್ಲ ಗುರು. ಯಾವ ದರ್ಜೆಗೆ ಅದನ್ನು ಕೊಡಬೇಕೆಂಬುದು ಒಂದೊಂದು ಸಂಸ್ಥೆಯಲ್ಲಿ ಒಂದೊಂದು ರೀತಿ. ರೆನ್ಶಿ, ಕ್ಯೋಶಿ, ಹಾನ್ಶಿ ಎಂಬ ಮೂರು ಬಿರುದುಗಳಾದರೋ ಕ್ಯೋಟೋ ನಗರದಲ್ಲಿ 1895ರಲ್ಲಿ ಸ್ಥಾಪನೆಯಾದ ದಾಯ್ ನಿಪ್ಪೋನ್ ಬುತೋಕು ಕಾಯ್ ಎಂಬ ಸಂಸ್ಥೆಯ ಪರಂಪರೆಯಿಂದ ಬಂದವು. ರೆನ್ಶಿ ಎಂದರೆ ಪಳಗಿದವನು, ಕ್ಯೋಶಿ ಎಂದರೆ ಬೋಧಿಸಬಲ್ಲವನು, ಹಾನ್ಶಿ ಎಂದರೆ ಮೇಲ್ಪಂಕ್ತಿಯಾಗಬಲ್ಲವನು. ವೃತ್ತಿಶಿಕ್ಷಕರನ್ನು ಸೂಚಿಸುವ ‘ಕ್ಯೋಶಿ’ಯೂ ಈ ಬಿರುದಿನ ‘ಕ್ಯೋಶಿ’ಯೂ ಉಚ್ಚಾರದಲ್ಲಿ ಮಾತ್ರ ಒಂದು, ಬರೆಯುವ ‘ಶಿ’ ಬೇರೆ ಬೇರೆ. ಇಂದಿನ ಜಪಾನಿ ಕೆಂಡೋ ಒಕ್ಕೂಟದ ನಿಯಮದಲ್ಲಿ ರೆನ್ಶಿಗೆ ಆರನೆಯ ದಾನ್, ಕ್ಯೋಶಿಗೆ ಏಳನೆಯದು, ಹಾನ್ಶಿಗೆ ಎಂಟನೆಯದು ಮೊದಲು ಇರಬೇಕು. ಎಂಟನೆಯ ದಾನ್ ಪರೀಕ್ಷೆಗೆ ಕುಳಿತುಕೊಳ್ಳಲು ಏಳನೆಯದನ್ನು ಪಡೆದು ಹತ್ತು ವರ್ಷ ಕಳೆದಿರಬೇಕು, ವಯಸ್ಸು 46 ತುಂಬಿರಬೇಕು. ಅಷ್ಟಾದರೂ ತೇರ್ಗಡೆಯಾಗುವವರು ನೂರಕ್ಕೆ ಒಬ್ಬರು ಎನ್ನುವಷ್ಟು ವಿರಳ. ಒಂಬತ್ತು ಮತ್ತು ಹತ್ತನೆಯ ದಾನ್‌ಗಳನ್ನು 2000ದಿಂದ ಕೊಡುತ್ತಿಲ್ಲ. ಮೂವತ್ತರ ಹರೆಯದಲ್ಲಿ ‘ಹಾನ್ಶಿ’ ಎಂದು ಫಲಕ ಹಾಕಿಕೊಂಡವರನ್ನು ಕಂಡರೆ ಈ ಲೆಕ್ಕವನ್ನು ನೆನಪಿಟ್ಟುಕೊಂಡು, ಯಾರು ಕೊಟ್ಟರು ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಪ್ರಶ್ನೆ: ಇಂದಿನ ಅಭ್ಯಾಸಿಗಳನ್ನು ಸಮುರಾಯ್, ನಿಂಜಾ ಎನ್ನಬಹುದೇ?

ಉತ್ತರ: ಬೇಡ. ‘ಸಮುರಾಯ್’ ಎಂಬುದು ‘ಹತ್ತಿರವಿದ್ದು ಸೇವೆ ಮಾಡು’ ಎಂಬರ್ಥದ ಹಳೆಯ ಕ್ರಿಯಾಪದದಿಂದ ಬಂದ ಪದ. ಅದೊಂದು ಸಾಮಾಜಿಕ ವರ್ಗದ ಹೆಸರು, ಕಲೆಯ ಹೆಸರಲ್ಲ. ಆಳ್ವಿಕೆ ಚಕ್ರವರ್ತಿಗೆ ಮರಳಿದ 1868ರ ಮೇಯ್ಜಿ ಬದಲಾವಣೆಯ ನಂತರ ಆ ವರ್ಗ ಕರಗಿತು, 1876ರ ಆಜ್ಞೆ ಕತ್ತಿ ಧರಿಸಿ ಓಡಾಡುವ ಹಕ್ಕನ್ನೂ ಕಿತ್ತುಕೊಂಡಿತು. ಒಡೆಯನಿಲ್ಲದ ಸಮುರಾಯ್‌ಗಿದ್ದ ‘ರೋನಿನ್’ ಎಂಬ ಹೆಸರು ಮಾತ್ರ ಬೇರೆ ವೇಷದಲ್ಲಿ ಬದುಕಿದೆ. ವಿಶ್ವವಿದ್ಯಾಲಯದ ಪ್ರವೇಶಪರೀಕ್ಷೆಯಲ್ಲಿ ಸೋತು ಮುಂದಿನ ವರ್ಷಕ್ಕೆ ಓದುತ್ತಿರುವ ವಿದ್ಯಾರ್ಥಿಯನ್ನು ಈಗ ಹಾಗೆ ಕರೆಯುತ್ತಾರೆ. ‘ನಿಂಜಾ’ ಎಂಬುದು ‘ಶಿನೋಬಿ’ ಎಂದು ಹೆಸರಾಗಿದ್ದ ಗೂಢಚಾರರಿಗೆ ಅದೇ ಅಕ್ಷರದ ಇನ್ನೊಂದು ಓದು. ಇಪ್ಪತ್ತನೆಯ ಶತಮಾನದಲ್ಲಷ್ಟೇ ಆ ಓದು ಮನೆಮಾತಾಯಿತು. ಸುದ್ದಿ ಕದ್ದು ಜೀವಸಹಿತ ಮರಳುವುದು ಅವರ ಕಸುಬಾಗಿತ್ತು, ಕಾದಾಡುವುದಲ್ಲ.

ಪ್ರಶ್ನೆ: ಸುಮೋ ಕುಸ್ತಿಪಟುಗಳಿಗೆ ‘ಸುಮೋಕಾ’ ಎಂಬ ಪದ ಇದೆಯೇ?

ಉತ್ತರ: ಇಲ್ಲ. ಅವರು ‘ರಿಕಿಶಿ’, ಅಂದರೆ ಬಲಶಾಲಿ ಯೋಧ. ಕೆನ್ಶಿಯಲ್ಲಿದ್ದ ‘ಶಿ’ಯೇ ಇಲ್ಲಿಯೂ ಇದೆ. ಜನರು ಪ್ರೀತಿಯಿಂದ ‘ಓಸುಮೋಸಾನ್’ ಎನ್ನುವುದೂ ಉಂಟು. ವೃತ್ತಿಪರ ಸುಮೋದ ಆರು ಶ್ರೇಣಿಗಳಲ್ಲಿ ಮೇಲಿನ ಎರಡರಲ್ಲಿರುವ ಎಪ್ಪತ್ತು ಮಂದಿಯನ್ನು ‘ಸೆಕಿತೋರಿ’ ಎನ್ನುತ್ತಾರೆ. ತಿಂಗಳ ಸಂಬಳ ಬರುವುದು ಅವರಿಗೆ ಮಾತ್ರ, ಅಭ್ಯಾಸದಲ್ಲಿ ಬಿಳಿಯ ಕಾಸೆ ಕಟ್ಟುವುದೂ ಅವರೇ. ಉಳಿದವರೆಲ್ಲ ಕಪ್ಪು ಕಾಸೆ ಕಟ್ಟಿ, ಸೆಕಿತೋರಿಗಳ ಊಟ ಸ್ನಾನಗಳ ಸೇವೆ ಮಾಡುತ್ತ ಕಲಿಯುತ್ತಾರೆ. ಕರೆಯುವ ಮಾತಿನಲ್ಲಿಯೂ ವ್ಯತ್ಯಾಸವುಂಟು, ಸೆಕಿತೋರಿಯ ಹೆಸರಿನ ಕೊನೆಗೆ ‘ಝೆಕಿ’ ಎಂಬ ಗೌರವಪದ ಸೇರುತ್ತದೆ. ಕೆಳಗಿನ ಶ್ರೇಣಿಗೆ ಜಾರಿದರೆ ಸಂಬಳದ ಜೊತೆಗೆ ಅದೂ ಹೋಗುತ್ತದೆ.

ಪ್ರಶ್ನೆ: ಕೊನೆಯದಾಗಿ, ‘ಉಕೆ’ ಎಂದರೆ ಯಾರು? ನಮ್ಮ ತರಗತಿಯಲ್ಲಿ ಪ್ರತಿಸಲವೂ ನನ್ನನ್ನೇ ಉಕೆ ಮಾಡುತ್ತಾರೆ, ಬೀಳುವುದೇ ನನ್ನ ಕೆಲಸವಾಗಿದೆ. ಇದು ಕಲಿಯದವರ ಪಾತ್ರವೇ?

ಉತ್ತರ: ಖಂಡಿತ ಅಲ್ಲ. ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೆ ಈ ಪಾತ್ರದ ಬೆಲೆಯನ್ನು ನೀವು ತಿಳಿಯಬೇಕೆಂದು ನನಗೆ ತುಂಬ ಆಸೆಯಿದೆ.

ಇಬ್ಬರು ಕೂಡಿ ಅಭ್ಯಾಸ ಮಾಡುವಾಗ ಜೂಡೋದಲ್ಲಿ ಎಸೆಯುವವರು ‘ತೋರಿ’, ಎಸೆತವನ್ನು ಪಡೆಯುವವರು ‘ಉಕೆ’. ಐಕಿಡೋದಲ್ಲಿ ಎಸೆಯುವವರನ್ನು ‘ನಗೆ’ ಎಂದೂ ಕರೆಯುತ್ತಾರೆ. ನಮ್ಮ ನಗುವಿಗೂ ಅದಕ್ಕೂ ಸಂಬಂಧವಿಲ್ಲ, ಎಸೆಯುವುದು ಎಂದು ಅರ್ಥ. ಉಕೆ ಎಂಬುದು ‘ಪಡೆಯುವುದು, ಸ್ವೀಕರಿಸುವುದು’ ಎಂಬರ್ಥದ ಕ್ರಿಯಾಪದದಿಂದ ಬಂದಿದೆ, ಸೋಲುವುದು ಎಂಬ ಅರ್ಥ ಅದರಲ್ಲಿ ಎಲ್ಲಿಯೂ ಇಲ್ಲ. ನುರಿತ ಉಕೆ ಬೀಳುವುದನ್ನು ಹತ್ತಿರದಿಂದ ನೋಡಿರಿ. ಕಾಲು ನೆಲ ಬಿಟ್ಟ ಕ್ಷಣದಲ್ಲಿಯೇ ಗದ್ದ ಎದೆಗೆ ತಾಗುವಂತೆ ಬಾಗುತ್ತದೆ, ಬೆನ್ನು ದುಂಡಗಾಗುತ್ತದೆ, ದೇಹ ಚಾಪೆಗೆ ತಾಗುವ ಹೊತ್ತಿಗೆ ಸರಿಯಾಗಿ ಅಂಗೈಯಿಂದ ತೋಳಿನವರೆಗೆ ಇಡೀ ಕೈ ಫಟ್ಟನೆ ನೆಲವನ್ನು ಬಡಿದು ಪೆಟ್ಟಿನ ಬಲವನ್ನು ಹರಡಿಬಿಡುತ್ತದೆ. ತಲೆ ಮಾತ್ರ ನೆಲ ಮುಟ್ಟುವುದಿಲ್ಲ. ಈ ಬೀಳುವ ವಿದ್ಯೆಗೆ ‘ಉಕೆಮಿ’ ಎಂದು ಹೆಸರು. ಜೂಡೋದಲ್ಲಿ ಎಸೆಯುವುದಕ್ಕೂ ಮೊದಲು ಇದನ್ನೇ ಕಲಿಸುತ್ತಾರೆ. ಉಕೆ ನಿಜವಾಗಿ ಆಕ್ರಮಣ ಮಾಡದೆ ಬರಿದೇ ಕೈಚಾಚಿದರೆ ತೋರಿಯ ಕೈಗೆ ಹಿಡಿಯುವುದಕ್ಕೆ ಬಲವೇ ಸಿಗುವುದಿಲ್ಲ, ತಂತ್ರವೂ ಕಲಿತಂತಾಗುವುದಿಲ್ಲ.

ಕೆಂಡೋದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಮರದ ಕತ್ತಿ ಹಿಡಿದು ಮಾಡುವ, ಹತ್ತು ಕಟ್ಟುಗಳ (ಗೊತ್ತುಪಡಿಸಿದ ಚಲನೆಗಳ ಸರಣಿಗಳ) ‘ನಿಪ್ಪೋನ್ ಕೆಂಡೋ ಕಾತಾ’ ಎಂಬ ಅಭ್ಯಾಸಕ್ರಮ 1912ರಲ್ಲಿ ರೂಪುಗೊಂಡಿತು. ಅದರಲ್ಲಿ ಇಬ್ಬರಿಗೂ ಹೆಸರುಂಟು: ಮೊದಲು ಹೊಡೆಯುವವರು ‘ಉಚಿದಾಚಿ’, ಅದಕ್ಕೆ ಉತ್ತರ ಕೊಟ್ಟು ಗೆಲ್ಲುವವರು ‘ಶಿದಾಚಿ’. ಮೊದಲ ಕಟ್ಟಿನಲ್ಲಿ ಇಬ್ಬರೂ ಒಂಬತ್ತು ಹೆಜ್ಜೆಗಳ ಅಂತರದಲ್ಲಿ ನಿಂತು, ಕತ್ತಿಯನ್ನು ನೆತ್ತಿಯ ಮೇಲೆತ್ತಿ, ಮೂರು ಹೆಜ್ಜೆ ಮುಂದೆ ಬರುತ್ತಾರೆ. ಉಚಿದಾಚಿ ತನ್ನೆಲ್ಲ ಬಲವನ್ನೂ ಹಾಕಿ ಎದುರಿನವರ ನೆತ್ತಿಗೆ ಹೊಡೆಯುತ್ತಾರೆ. ಶಿದಾಚಿ ಒಂದು ಹೆಜ್ಜೆ ಹಿಂದೆ ಸರಿದಾಗ ಆ ಹೊಡೆತ ಗಾಳಿಯನ್ನು ಸೀಳಿ ಕೆಳಗಿಳಿಯುತ್ತದೆ, ಉಚಿದಾಚಿಯ ಮೈ ತುಸು ಮುಂದಕ್ಕೆ ಬಾಗುತ್ತದೆ, ಶಿದಾಚಿಯ ಕತ್ತಿ ಅವರ ತಲೆಯ ಮೇಲೆ ಬರುತ್ತದೆ. ಹತ್ತು ಕಟ್ಟುಗಳಲ್ಲಿಯೂ ಸೋಲುವವರು ಉಚಿದಾಚಿಯೇ, ಮತ್ತು ಆ ಸ್ಥಾನದಲ್ಲಿ ನಿಲ್ಲುವವರು ಗುರು ಅಥವಾ ಇಬ್ಬರಲ್ಲಿ ಹಿರಿಯರು.